ಎನ್ನಲಾಗಿದೆ

“ನೋಟಿನಾಗೆ ಚಿಪ್ಪೈತೆ ಅಂದೋರು ನೀವೇ ಅಲ್ವೇನವ್ವ? ಈಗ ಸೂಜೀಲಿ ಇಲ್ಲ ಅಂತೀಯ. ಯಾವುದನ್ನ ನಂಬಾನ ಹೇಳು.”

2021ರ ಏಪ್ರಿಲ್‌ನಲ್ಲಿ ದೊಡ್ಡಪ್ಪ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಅವರದು ತಿಪಟೂರಿಗೆ ಹತ್ತಿರದ ಹಳ್ಳಿ. ಮೂರೆಕರೆ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿಯಾಗುತ್ತಿರುವ ಕಾಯಿ, 71ರ ವಯಸ್ಸು, ಜತೆಗೆ ಸಕ್ಕರೆ ಕಾಯಿಲೆ. ಅರವತ್ತು ದಾಟಿದವರಿಗೆ ಮಾರ್ಚ್ 1ರಿಂದಲೇ ಕೊರೊನಾ ಲಸಿಕೆ ಹಾಕುತ್ತಿದ್ದರೂ ದೊಡ್ಡಪ್ಪ ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ಲಸಿಕೆಯ ಜತೆ ಮೈಯೊಳಗೆ ಚಿಪ್ ಹೋಗುತ್ತದೆ ಎಂಬ ವಿಡಿಯೊ ಯಾರೋ ಕಳಿಸಿದ್ದರು. ನಾನು ಬೆಂಗಳೂರಿನಲ್ಲಿ ಕೂತು ಕಾಲು ಗಂಟೆ ವಿವರಿಸಿದೆ. ಸೂಜಿಯ ತೂತು ಎಷ್ಟು ಸಣ್ಣದು, ಚಿಪ್ಪಿಗೆ ಕರೆಂಟು ಎಲ್ಲಿಂದ ಬರಬೇಕು, ಎಲ್ಲವನ್ನೂ. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು ಕೊನೆಗೆ ಇದೊಂದನ್ನು ಕೇಳಿದರು. ನಾನು “ಹಲೋ, ಹಲೋ, ಸರಿಯಾಗಿ ಕೇಳಿಸ್ತಿಲ್ಲ ದೊಡ್ಡಪ್ಪ” ಎಂದು ಫೋನ್ ಇಟ್ಟೆ.

ಸರಿಯಾಗಿಯೇ ಕೇಳಿಸಿತ್ತು.

ಅವರು ‘ನೀವು’ ಎಂದದ್ದು ಟಿವಿಯವರನ್ನೆಲ್ಲ ಒಟ್ಟು ಸೇರಿಸಿ. ನಾನು ಟಿವಿ ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ಆದರೆ ನಮ್ಮ ವಾಹಿನಿಯಲ್ಲಿ ನೋಟಿನ ಚಿಪ್ಪಿನ ಕಾಪಿ ಬರೆದ ಕೈ ನನ್ನದೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

2016ರ ನವೆಂಬರ್ 8ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು, 500 ಮತ್ತು 1,000 ರೂಪಾಯಿ ನೋಟುಗಳು ಮಧ್ಯರಾತ್ರಿಯಿಂದ ನಡೆಯುವುದಿಲ್ಲ ಎಂದರು. ನಮ್ಮ ಡೆಸ್ಕಿನಲ್ಲಿ ಯಾರೂ ಮನೆಗೆ ಹೋಗಲಿಲ್ಲ. ಮೊದಲೆರಡು ಗಂಟೆ ಸುದ್ದಿಗೆ ಬರವಿರಲಿಲ್ಲ. ಹತ್ತೂವರೆಯ ಹೊತ್ತಿಗೆ ಹೇಳಿದ್ದನ್ನೇ ಹೇಳಿ ಆ್ಯಂಕರ್ ಗಂಟಲು ಒಣಗಿತ್ತು. ಆಗ ಯಾರದೋ ಫೋನಿಗೆ ಆ ಸಂದೇಶ ಬಂತು. ಹೊಸ 2,000 ರೂಪಾಯಿ ನೋಟಿನಲ್ಲಿ ನ್ಯಾನೊ ಜಿಪಿಎಸ್ ಚಿಪ್ ಇದೆ, ಭೂಮಿಯೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ.

ಔಟ್‌ಪುಟ್ ನೋಡಿಕೊಳ್ಳುತ್ತಿದ್ದ ಹಿರಿಯರು “ಕನ್ಫರ್ಮ್ ಮಾಡ್ಕೊಳ್ರಿ” ಎಂದರು. ರಾತ್ರಿ ಹನ್ನೊಂದಕ್ಕೆ ಯಾರನ್ನು ಕೇಳುವುದು? ಅಷ್ಟರಲ್ಲಿ ಇನ್ನೊಂದು ವಾಹಿನಿಯಲ್ಲಿ ಅದು ಓಡತೊಡಗಿತು. ಬೇರೆಯವರಲ್ಲಿ ಬಂತು ಎನ್ನುವುದೇ ನಮಗೆ ಕನ್ಫರ್ಮೇಶನ್. ನಾನು ಕಾಪಿ ಬರೆದೆ. ಗ್ರಾಫಿಕ್ಸ್ ಹುಡುಗ ನೋಟಿನ ಚಿತ್ರ ತೆರೆದುಕೊಂಡು, “ಮೇಡಂ, ಚಿಪ್ ಎಲ್ಲಿ ಇಡ್ಲಿ? ಗಾಂಧಿ ತಾತನ ಪಕ್ಕಕ್ಕಾ, ಹಿಂದುಗಡೆ ಮಂಗಳಯಾನದ ಹತ್ರಾನಾ?” ಎಂದು ಕೇಳಿದ. “ದಾರದ ಮೇಲಿಡು, ಹೊಳೆಯತ್ತೆ” ಎಂದೆ. ಅವನು ನೋಟಿನ ಭದ್ರತಾ ದಾರದ ಮೇಲೊಂದು ಕೆಂಪು ಚುಕ್ಕಿ ಇಟ್ಟು, ಅಲ್ಲಿಂದ ಆಕಾಶಕ್ಕೆ ಅಲೆ ಅಲೆಯಾಗಿ ಗೆರೆ ಎಳೆದ. ಇಲ್ಲದ ಚಿಪ್ ಎಲ್ಲಿದೆ ಎಂದು ಅವತ್ತು ತೀರ್ಮಾನ ಮಾಡಿದವಳು ನಾನು.

ಹತ್ತು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಜಿಪಿಎಸ್ ಎನ್ನುವುದು ಉಪಗ್ರಹ ಕಳಿಸುವ ಸಂಕೇತವನ್ನು ಹಿಡಿದು ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುವ ಉಪಕರಣ. ‘ನಾನಿಲ್ಲಿದ್ದೇನೆ’ ಎಂದು ಅದು ಉಪಗ್ರಹಕ್ಕೆ ಕೂಗಿ ಹೇಳುವುದಿಲ್ಲ. ಹಾಗೆ ಹೇಳಬೇಕಾದರೆ ಬೇರೆ ಯಂತ್ರ ಬೇಕು, ಅದಕ್ಕೊಂದು ಬ್ಯಾಟರಿ ಬೇಕು. ಸೇತುವೆ ಕೆಳಗೆ ಹೋದರೆ ಫೋನಿನ ಮ್ಯಾಪ್ ತಡವರಿಸುವುದನ್ನು ನಾನೇ ದಿನಾ ನೋಡುತ್ತಿದ್ದೆ. 120 ಮೀಟರ್ ಮಣ್ಣಿನಡಿಯಿಂದ ಕಾಗದದ ಚೂರು ಹೇಗೆ ಮಾತಾಡೀತು? ರಿಸರ್ವ್ ಬ್ಯಾಂಕ್ ಅಂಥದ್ದೇನೂ ಇಲ್ಲವೆಂದಿತು. ಅದನ್ನೂ ನಾವು ಹಾಕಿದೆವು, ತೆರೆಯ ಅಡಿಯ ಸ್ಕ್ರೋಲ್‌ನಲ್ಲಿ, ಚಿನ್ನದ ದರ ಮತ್ತು ಹವಾಮಾನದ ನಡುವೆ.

ಸಂಕ್ರಾಂತಿಗೆ ಊರಿಗೆ ಹೋದಾಗ ದೊಡ್ಡಪ್ಪ ಬ್ಯಾಂಕಿನಿಂದ ತಂದ 2,000ದ ನೋಟುಗಳನ್ನು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಅಕ್ಕಿ ಡ್ರಮ್ಮಿನೊಳಗೆ ಇಟ್ಟಿದ್ದರು. ಸ್ಟೀಲು ದಾಟಿ ಸಿಗ್ನಲ್ ಹೋಗುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ಅದೇನೂ ಕಪ್ಪು ಹಣವಲ್ಲ, ಕೊಬ್ಬರಿ ಮಾರಿದ ದುಡ್ಡು. ಆದರೂ ಮೇಲಿನಿಂದ ಯಾರೋ ನೋಡುತ್ತಿದ್ದಾರೆ ಎಂದರೆ ಉಟ್ಟ ಬಟ್ಟೆಯನ್ನೇ ಇನ್ನೊಮ್ಮೆ ಸರಿಮಾಡಿಕೊಳ್ಳುತ್ತೇವಲ್ಲ, ಹಾಗೆ. ಒಂದು ನೋಟನ್ನು ಬಿಸಿಲಿಗೆ ಹಿಡಿದು ವಾಲಿಸಿ ತೋರಿಸಿದರು. ಹಸಿರಿದ್ದ ದಾರ ನೀಲಿಯಾಯಿತು. “ಇದೇ ಚಿಪ್ಪು. ಟಿವೀಲಿ ತೋರ್ಸಿದ್ರಲ್ಲ, ಇಲ್ಲೇ.” ಮನೆಯವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ನಾನು ಬರೆದ ಕಾಪಿಯಲ್ಲಿ ಸುಳ್ಳು ಎಂದು ಬೆರಳಿಟ್ಟು ತೋರಿಸಬಹುದಾದ ಸಾಲು ಒಂದೂ ಇರಲಿಲ್ಲ. ‘ಹೊಸ ನೋಟಿನಲ್ಲಿ ಚಿಪ್ ಅಳವಡಿಸಲಾಗಿದೆ ಎನ್ನಲಾಗಿದೆ.’ ನಮ್ಮ ವೃತ್ತಿಯ ರಾಮಬಾಣ ಈ ಪದ, ಎನ್ನಲಾಗಿದೆ. ಯಾರು ಎಂದರು, ಯಾವಾಗ ಎಂದರು, ಅವರಿಗೆ ಹೇಗೆ ಗೊತ್ತು, ಒಂದನ್ನೂ ಹೇಳಬೇಕಿಲ್ಲ. ಕೋರ್ಟಿಗೆ ಹೋದರೂ ನಿಲ್ಲುತ್ತದೆ ಎಂಬ ಧೈರ್ಯ ನಮಗೆ. ಶೀರ್ಷಿಕೆಯ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟರೆ ಪೂರ್ತಿ ನಿರಾಳ.

ಊರಿನವರದೂ ಒಂದು ಪದವಿದೆ, ಅಂತೆ. ‘ಮಳೆ ಬಂತಂತೆ’, ‘ಅವರ ಮನೇಲಿ ಜಗಳವಂತೆ’. ಅಂತೆ ಕಂತೆಗಳ ಸಂತೆ ಎಂದು ನಾವು ಓದಿದವರು ಅದನ್ನು ಹೀಯಾಳಿಸುತ್ತೇವೆ. ಆದರೆ ‘ಅಂತೆ’ ಪ್ರಾಮಾಣಿಕ ಪದ. ನಾನು ಕಂಡಿಲ್ಲ, ಕೇಳಿದ್ದೇನೆ, ನನ್ನ ಮೇಲೆ ಭಾರ ಹಾಕಬೇಡ ಎಂದು ಅದು ಮೊದಲೇ ತಿಳಿಸಿಬಿಡುತ್ತದೆ. ಕೇಳಿದವನು “ಯಾರು ಹೇಳಿದ್ರು?” ಎಂದು ತಿರುಗಿ ಕೇಳಬಹುದು, ಹೇಳಿದವನು ಹೆಸರು ಹೇಳಲೇಬೇಕು. ‘ಎನ್ನಲಾಗಿದೆ’ಗೆ ಹಾಗೆ ತಿರುಗಿ ಕೇಳುವ ಬಾಗಿಲೇ ಇಲ್ಲ. ಅದು ಗೊತ್ತಿಲ್ಲದ್ದನ್ನು ಗೊತ್ತಿರುವವರ ಗತ್ತಿನಲ್ಲಿ ಹೇಳುವ ವಿದ್ಯೆ. ಆ ವಿದ್ಯೆಯಿಂದ ನಾನು ಹನ್ನೊಂದು ವರ್ಷ ಸಂಬಳ ತೆಗೆದುಕೊಂಡೆ.

ಅದೇ ನೋಟಿನದು ಇನ್ನೊಂದು ಕತೆಯಿದೆ. ಪ್ರಧಾನಿಯ ಭಾಷಣಕ್ಕೆ ಕೆಲವು ದಿನ ಮುಂಚೆ ಗುಲಾಬಿ ಬಣ್ಣದ 2,000ದ ನೋಟಿನ ಕಟ್ಟುಗಳ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತ್ತು. ನಮ್ಮ ಕುಟುಂಬದ ಗುಂಪಿಗೂ ಬಂತು. ನಾನು, ಮನೆಯ ಏಕೈಕ ಪತ್ರಕರ್ತೆ, ‘ಇದು ಫೋಟೊಶಾಪ್, ದಯವಿಟ್ಟು ಇಂಥದ್ದನ್ನು ಹರಡಬೇಡಿ’ ಎಂದು ಬರೆದೆ. ಫೋಟೊ ನಿಜವಾಗಿತ್ತು. ನಾಚಿಕೆಯ ಮಾತೆಂದರೆ, ಅಕ್ಟೋಬರ್ 21ರಂದೇ ಹಿಂದೂ ಬಿಸಿನೆಸ್‌ಲೈನ್ ಪತ್ರಿಕೆ ಸುದ್ದಿ ಮಾಡಿತ್ತು. 2,000ದ ನೋಟು ಬರಲಿದೆ, ಅಚ್ಚಾಗಿ ಮೈಸೂರಿನ ಮುದ್ರಣಾಲಯದಿಂದ ಸಾಗಣೆಯೂ ಶುರುವಾಗಿದೆ ಎಂದು. ಮೈಸೂರು ಆಗ ನಮ್ಮ ಕಚೇರಿಯಿಂದ ಮೂರು ಗಂಟೆಯ ದಾರಿ. ಯಾರೋ ಒಬ್ಬ ವರದಿಗಾರ ಓಡಾಡಿ, ಕೇಳಿ, ಖಚಿತ ಮಾಡಿಕೊಂಡು ಬರೆದದ್ದನ್ನು ನಾನು ಓದಿರಲಿಲ್ಲ. ನಿಜವಾದ ಫೋಟೊಗೆ ಸುಳ್ಳೆಂಬ ಮೊಹರು, ಸುಳ್ಳು ಚಿಪ್ಪಿಗೆ ಬ್ರೇಕಿಂಗ್ ನ್ಯೂಸ್ ಪಟ್ಟ, ಎರಡನ್ನೂ ಒಂದೇ ವಾರದಲ್ಲಿ ಕೊಟ್ಟೆ. ಎರಡು ಸಲವೂ ಒಂದಿಷ್ಟೂ ಅಳುಕಿರಲಿಲ್ಲ.

2018ರ ಮೇ ತಿಂಗಳಿಗೆ ಬರುತ್ತೇನೆ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ನಮ್ಮ ಅಪಾರ್ಟ್‌ಮೆಂಟ್ ಗುಂಪಿಗೆ ಬಂತು. ಮಕ್ಕಳ ಕಳ್ಳರು ಬೆಂಗಳೂರಿಗೆ ಬಂದಿದ್ದಾರೆ ಎಂಬ ಒಕ್ಕಣೆ. ನನಗೆ ಅನುಮಾನ ಬಂತು. ವೃತ್ತಿಯ ಕಣ್ಣಲ್ಲವೇ, ವಿಡಿಯೊ ಎಲ್ಲೋ ತಟ್ಟನೆ ತುಂಡಾಗಿದೆ ಅನ್ನಿಸಿತು. ಆದರೂ ತಂಗಿಯ ಮಗಳು ಆಗ ಎಲ್‌ಕೆಜಿ. ‘ನಿಜವೋ ಸುಳ್ಳೋ ಗೊತ್ತಿಲ್ಲ, ಯಾವುದಕ್ಕೂ ಇರಲಿ’ ಎಂದು ಬರೆದು ನಾಲ್ಕು ಗುಂಪುಗಳಿಗೆ ಕಳಿಸಿದೆ. ಯಾವುದಕ್ಕೂ ಇರಲಿ! ಊರಿಗೆ ಹೊರಟವರ ಚೀಲಕ್ಕೆ ಇನ್ನೊಂದು ಟವೆಲು ತುರುಕುವಾಗ ಹೇಳುವ ಮಾತು. ಅದೇ ಸಲೀಸಿನಲ್ಲಿ ಅಪರಿಚಿತರ ಮೇಲಿನ ಭಯವನ್ನು ನಾಲ್ಕು ಗುಂಪುಗಳೊಳಗೆ ತುರುಕಿದೆ.

ಆ ವಿಡಿಯೊ ಪಾಕಿಸ್ತಾನದ ಕರಾಚಿಯದು. ಕಾಣೆಯಾಗುವ ಮಕ್ಕಳ ಬಗ್ಗೆ ಎಚ್ಚರಿಸಲು ಅಲ್ಲಿನ ಸಂಸ್ಥೆಗಾಗಿ ಮಾಡಿದ ಜಾಹೀರಾತು. ಮೂಲದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು ಫಲಕ ಹಿಡಿದು ತೋರಿಸುತ್ತಾರೆ. ನಮಗೆ ಬಂದದ್ದರಲ್ಲಿ ಆ ಭಾಗ ಇರಲಿಲ್ಲ. ಮೇ 23ರಂದು ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಕಟ್ಟಿ, ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ 32ರ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು. ಅವರ ಗುಂಪಿನವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಮೂಲ. ನನ್ನ ನಾಲ್ಕು ಗುಂಪುಗಳಿಂದ ಆ ವಿಡಿಯೊ ಎಲ್ಲೆಲ್ಲಿಗೆ ಹೋಯಿತೋ ನನಗೆ ಗೊತ್ತಾಗುವುದು ಸಾಧ್ಯವಿಲ್ಲ. ನನ್ನಿಂದ ಹೋಗಿರಲಾರದು ಎಂದು ಹೇಳುವುದೂ ಸಾಧ್ಯವಿಲ್ಲ. ಆ ಜುಲೈನಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸುವ ಮಿತಿ ಹಾಕಿತು. ನಾನು ಕಳಿಸಿದ್ದು ನಾಲ್ಕು ಕಡೆ. ಆ ಲಗಾಮು ನನ್ನನ್ನು ಹಿಡಿಯುತ್ತಿರಲಿಲ್ಲ.

ಚಾಮರಾಜಪೇಟೆಯ ಮರುದಿನ ನಮ್ಮಲ್ಲಿ ಅರ್ಧ ಗಂಟೆಯ ವಿಶೇಷ ಕಾರ್ಯಕ್ರಮವಾಯಿತು. ಬರೆದವಳು ಯಾರೆಂದು ಬೇರೆ ಹೇಳಬೇಕಿಲ್ಲ. ‘ಅವಿದ್ಯಾವಂತರು ಇಂಥ ವದಂತಿಗಳನ್ನು ಬೇಗ ನಂಬುತ್ತಾರೆ’ ಎಂಬ ಸಾಲನ್ನು ಬರೆದೆ. ನಾನು ಕಳಿಸಿದ ನಾಲ್ಕೂ ಗುಂಪುಗಳಲ್ಲಿ ಪದವಿ ಇಲ್ಲದವರು ಒಬ್ಬರೂ ಇರಲಿಲ್ಲ. ಕಾರ್ಯಕ್ರಮದ ಉದ್ದಕ್ಕೂ ಅದೇ ವಿಡಿಯೊವನ್ನು ಕೆಂಪು ವೃತ್ತ ಹಾಕಿ ತಿರುಗಿಸಿ ತಿರುಗಿಸಿ ತೋರಿಸಿದೆವು. ಕೆಲಸ ಮುಗಿಸಿ ಕಾಫಿಗೆಂದು ಹೋಟೆಲಿಗೆ ಹೋದೆ. ಗೋಡೆಯ ಟಿವಿಯಲ್ಲಿ ನಮ್ಮದೇ ಕಾರ್ಯಕ್ರಮ, ಸದ್ದು ಮಾತ್ರ ಇಲ್ಲ. ಹೋಟೆಲುಗಳಲ್ಲಿ ಟಿವಿ ಹಾಗೇ ಓಡುವುದು. ಇದು ಸುಳ್ಳು ಎಂಬ ನಮ್ಮ ಸ್ಪಷ್ಟನೆಯೆಲ್ಲ ವಾಯ್ಸ್ ಓವರ್‌ನಲ್ಲಿತ್ತು. ತೆರೆಯ ಮೇಲೆ ಬೈಕು ಬರುತ್ತಲೇ ಇತ್ತು, ಮಗುವನ್ನು ಎತ್ತಿಕೊಂಡು ಹೋಗುತ್ತಲೇ ಇತ್ತು. ಇಡ್ಲಿ ತಿನ್ನುತ್ತಿದ್ದವರೊಬ್ಬರು ತಲೆ ಎತ್ತಿ ನೋಡಿ, ಪಕ್ಕದಲ್ಲಿದ್ದ ಮೊಮ್ಮಗನ ಕೈ ಹಿಡಿದುಕೊಂಡರು.

2019ರಲ್ಲಿ ಕೆಲಸ ಬಿಟ್ಟೆ. ಮನಸ್ಸು ಒಪ್ಪಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಸಂಬಳ ಎರಡು ತಿಂಗಳು ತಡವಾದದ್ದೂ ಕಾರಣಗಳಲ್ಲೊಂದು. ಈಗ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುತ್ತೇನೆ.

ಹೊರಗೆ ಬಂದ ಮೇಲೆ ನನ್ನ ತಪ್ಪು ತಿದ್ದಿಕೊಳ್ಳಲಿಲ್ಲ, ಮಗ್ಗುಲು ಬದಲಿಸಿದೆ. 2020ರ ಏಪ್ರಿಲ್‌ನಲ್ಲಿ ದೆಹಲಿಯ ತಬ್ಲೀಗಿ ಜಮಾತ್ ಸಮಾವೇಶದ ನೆಪದಲ್ಲಿ, ಒಂದು ಸಮುದಾಯವೇ ಬೇಕೆಂದು ರೋಗ ಹರಡುತ್ತಿದೆ ಎಂಬ ಸಂಚಿನ ಕಥೆ ಟಿವಿಯಲ್ಲಿ ಗಂಟೆಗಟ್ಟಲೆ ಓಡಿತು. ವಾಟ್ಸ್‌ಆ್ಯಪ್‌ನ ಸಂಚಿನ ಕಥೆಗಳ ಬಗ್ಗೆ ಜನರಿಗೆ ಬುದ್ಧಿ ಹೇಳುತ್ತಿದ್ದ ವಾಹಿನಿಗಳು ತಾವೇ ಅದರ ಕಾರ್ಖಾನೆಯಾಗಿದ್ದವು. ಮುಂದೆ 2021ರ ಜೂನ್‌ನಲ್ಲಿ ಸುದ್ದಿ ವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರ ಈ ಪ್ರಸಾರಕ್ಕಾಗಿ ಎರಡು ಕನ್ನಡ ವಾಹಿನಿಗಳಿಗೆ ದಂಡ ಹಾಕಿತು. ಆ ಪ್ರಸಾರದ ಹೊತ್ತಿಗೆ ನಾನು ಅಲ್ಲಿರಲಿಲ್ಲ ಎಂಬುದೇ ನನಗೊಂದು ಪುಣ್ಯದಂತೆ ಕಂಡಿತ್ತು. 2020ರ ದಸರಾಕ್ಕೆ ಊರಿಗೆ ಹೋದಾಗ ಜಗಲಿಯ ಮೇಲೆ ಕೂತು ಹತ್ತು ಜನರ ಮುಂದೆ ಘೋಷಿಸಿದೆ: “ಟಿವಿ ನೋಡ್ಲೇಬೇಡಿ. ಬರೋದೆಲ್ಲ ಸುಳ್ಳು. ನಾನು ಒಳಗಿದ್ದು ಬಂದೋಳು ಹೇಳ್ತಿದೀನಿ.” ಎಲ್ಲರೂ ತಲೆದೂಗಿದರು. ಹಿತವಾಗಿತ್ತು. ಬುಲೆಟಿನ್ ಬರೆಯುತ್ತಿದ್ದಾಗಿನ ಗತ್ತೇ ಅದು, ಮೈಕು ಮಾತ್ರ ಇರಲಿಲ್ಲ.

ಅದೇ ಜಗಲಿಯಲ್ಲಿ ದೊಡ್ಡಪ್ಪ, “ಈ ಕಾಯಿಲೆ ಚೀನಾದ ಲ್ಯಾಬಿಂದ ಬಂತಂತೆ, ಹೌದಾ?” ಎಂದರು. “ಸಂಚಿನ ಕಥೆ ಅದು, ವಿಜ್ಞಾನಿಗಳೇ ಸಹಿ ಹಾಕಿ ಹೇಳಿದಾರೆ” ಎಂದೆ. ನಿಜ, ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 27 ವಿಜ್ಞಾನಿಗಳು ಹಾಗೆ ಬರೆದಿದ್ದರು, ದೊಡ್ಡ ಪತ್ರಿಕೆಗಳು ಅದೇ ಮಾತು ಹಿಡಿದಿದ್ದವು. 2021ರ ಮೇ ತಿಂಗಳಲ್ಲಿ ಗಾಳಿ ತಿರುಗಿತು. ವೈರಾಣು ಮನುಷ್ಯ ನಿರ್ಮಿತ ಎನ್ನುವ ಪೋಸ್ಟ್‌ಗಳನ್ನು ತೆಗೆದುಹಾಕುತ್ತಿದ್ದ ಫೇಸ್‌ಬುಕ್ ಮೇ 26ರಂದು ಅದನ್ನು ನಿಲ್ಲಿಸಿತು. ವಾಷಿಂಗ್ಟನ್ ಪೋಸ್ಟ್ ತನ್ನ ಹಳೆಯ ಶೀರ್ಷಿಕೆಯನ್ನು ತಿದ್ದಿಕೊಂಡಿತು. ವೈರಾಣು ಎಲ್ಲಿಂದ ಬಂತು ಎಂಬುದು ಈಗಲೂ ಇತ್ಯರ್ಥವಾಗಿಲ್ಲ. ದೊಡ್ಡಪ್ಪ ‘ಅಂತೆ’ ಎಂದಿದ್ದರು, ‘ಹೌದಾ’ ಎಂದು ಕೇಳಿದ್ದರು. ‘ಅದು ಸುಳ್ಳೆಂದು ತೋರಿಸಿದ್ದಾರೆ’ ಎನ್ನುವುದಕ್ಕೂ ‘ಅದಕ್ಕೆ ಇನ್ನೂ ಆಧಾರ ಸಿಕ್ಕಿಲ್ಲ’ ಎನ್ನುವುದಕ್ಕೂ ಇರುವ ಅಂತರವನ್ನು ಅಳಿಸಿದ್ದು ನಾನು. ಯಾರನ್ನೂ ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದವಳು ನಂಬಿಕೆಯನ್ನು ಕನ್ನಡ ಟಿವಿಯಿಂದ ಇಂಗ್ಲಿಷ್ ಪತ್ರಿಕೆಗೆ ವರ್ಗಾಯಿಸಿದ್ದೆ, ಅಷ್ಟೆ.

ಏಪ್ರಿಲ್‌ನ ಆ ಫೋನಿಗೆ ಮರಳುತ್ತೇನೆ. ಮಾರನೇ ದಿನ ಧೈರ್ಯ ಮಾಡಿ ಮತ್ತೆ ಕರೆ ಮಾಡಿದೆ. ದೊಡ್ಡಪ್ಪ ಸಮಾಧಾನವಾಗಿಯೇ ಹೇಳಿದರು: “ಟಿವೀಲಿ ಬರಾದೆಲ್ಲ ಸುಳ್ಳು ಅಂತ ದಸರಾದಾಗೆ ನೀನೇ ಅಂದಿದ್ದೆ. ಲಸಿಕೆ ಹಾಕಿಸ್ಕಳಿ ಅಂತಾನೂ ಟಿವೀಲೇ ಬರಾದು ಕಣವ್ವ.” ಒಳಗಿದ್ದಾಗ ಹೇಳಿದ ಸುಳ್ಳು, ಹೊರಬಂದ ಮೇಲೆ ಹಂಚಿದ ಅಪನಂಬಿಕೆ, ಎರಡೂ ಸೇರಿ ಒಬ್ಬ ಮುದುಕರನ್ನು ಲಸಿಕೆಯಿಂದ ದೂರ ನಿಲ್ಲಿಸಿದ್ದವು. ಎರಡಕ್ಕೂ ನನ್ನದೇ ಸಹಿ.

ಕೊನೆಗೆ ಮೇ ತಿಂಗಳಲ್ಲಿ ಅವರು ಲಸಿಕೆ ಹಾಕಿಸಿಕೊಂಡರು. ನನ್ನ ಮಾತಿಗಲ್ಲ. ಎದುರು ಮನೆಯ ಸೊಸೆ ಆಶಾ ಕಾರ್ಯಕರ್ತೆ. ಅವಳು ಬಂದು ಚಿಪ್ಪಿನ ಸುದ್ದಿಯನ್ನೇ ಎತ್ತಲಿಲ್ಲವಂತೆ. “ನಾನೂ ಹಾಕಿಸ್ಕಂಡೆ. ಎರಡು ದಿನ ಜ್ವರ ಬಂತು, ತೋಳು ಎತ್ತಕ್ಕಾಗ್ಲಿಲ್ಲ. ನಿಮಗೂ ಬರಬೌದು. ಬಂದ್ರೆ ಕೂಗಿ, ಮಾತ್ರೆ ತರ್ತೀನಿ” ಎಂದಳಂತೆ. ನನ್ನ ಕಾಲು ಗಂಟೆಯ ಭಾಷಣದಲ್ಲಿ ಜ್ವರದ ಮಾತೇ ಇರಲಿಲ್ಲ. ಹೇಳಿದರೆ ಹೆದರುತ್ತಾರೆ ಎಂದು ಬಿಟ್ಟಿದ್ದೆ. ಅವಳು ಕಹಿಯನ್ನು ಮೊದಲೇ ಹೇಳಿದಳು. ಜತೆಗೆ, ಅವಳ ಮಾತು ಸುಳ್ಳಾದರೆ ಬೆಳಿಗ್ಗೆ ಎದ್ದು ಅವಳ ಬಾಗಿಲಿಗೇ ಹೋಗಿ ಬೈಯಬಹುದಿತ್ತು. ಚಿಪ್ಪಿನ ಸುದ್ದಿ ಹೇಳಿದ ನಾವು ಯಾರ ಬಾಗಿಲಿಗೂ ಹೋಗಿ ನಿಲ್ಲಲಿಲ್ಲ.

ಹಾಗೆಂದು ದೊಡ್ಡಪ್ಪನ ಅನುಮಾನ ಸರಿಯಿತ್ತು ಎಂದು ಹೇಳಲಾರೆ. ನಾವು ಸುಳ್ಳು ಹೇಳಿದೆವು ಎನ್ನುವುದು ಇನ್ನೊಬ್ಬರ ಸುಳ್ಳನ್ನು ನಿಜ ಮಾಡುವುದಿಲ್ಲ. ಎತ್ತು ಈಯಿತು ಎಂದು ಟಿವಿ ಹೇಳಿದರೂ ಅಷ್ಟೆ, ಫೋನು ಹೇಳಿದರೂ ಅಷ್ಟೆ, ಹಗ್ಗ ತರುವ ಮೊದಲು ಕೊಟ್ಟಿಗೆಗೆ ಹೋಗಿ ನೋಡಬೇಕು. ಎಲ್ಲವೂ ಸುಳ್ಳು ಎನ್ನುವವನೂ ಎಲ್ಲವೂ ನಿಜ ಎನ್ನುವವನೂ ಕೊಟ್ಟಿಗೆಗೆ ಹೋಗುವುದಿಲ್ಲ. ನಾನು ಎರಡೂ ಆಗಿದ್ದವಳು, ಬಲ್ಲೆ. ಪತ್ರಿಕೆಗಳೆಲ್ಲ ಬುರುಡೆ ಎಂದು ಕೈ ತೊಳೆದುಕೊಂಡರೆ ಮೈಸೂರಿನಿಂದ ನೋಟು ಹೊರಟದ್ದನ್ನು ಹುಡುಕಿ ಬರೆದ ಆ ವರದಿಯೂ ಬಚ್ಚಲಿಗೆ ಹೋಗುತ್ತದೆ.

2023ರ ಮೇ 19ರ ಸಂಜೆ ದೊಡ್ಡಪ್ಪನೇ ಫೋನ್ ಮಾಡಿ, “2,000ದ ನೋಟು ವಾಪಸ್ ತಗಂತಾರಂತೆ, ನಿಜಾನಾ?” ಎಂದರು. ನಾಲಗೆ ತುದಿಗೆ ಉತ್ತರ ಬಂದಿತ್ತು, ತಡೆದುಕೊಂಡೆ. “ನೋಡಿ ಹೇಳ್ತೀನಿ ದೊಡ್ಡಪ್ಪ” ಎಂದು ಫೋನ್ ಇಟ್ಟು, ರಿಸರ್ವ್ ಬ್ಯಾಂಕಿನ ಪ್ರಕಟಣೆಯನ್ನೇ ತೆಗೆದು ಓದಿದೆ. ಮಾರನೇ ದಿನ ಮಧ್ಯಾಹ್ನ ಕರೆ ಮಾಡಿ ಓದಿದ್ದಷ್ಟನ್ನೇ ಹೇಳಿದೆ. ನೋಟಿನ ಬೆಲೆ ಹೋಗಿಲ್ಲ, 23ರಿಂದ ಸೆಪ್ಟೆಂಬರ್ 30ರವರೆಗೆ ಬದಲಾಯಿಸಿಕೊಳ್ಳಬಹುದು, ಒಂದು ಸಲಕ್ಕೆ 20,000 ರೂಪಾಯಿವರೆಗೆ. ಆಮೇಲೆ ಏನಾಗುತ್ತದೆ ಎಂಬುದು ನನಗೆ ಗೊತ್ತಿಲ್ಲ ಎಂದೂ ಹೇಳಿದೆ.

“ಸರಿಯಾಗೈತೆ. ಬೆಳಿಗ್ಗೇನೇ ಬ್ಯಾಂಕಿನಾಗೆ ಕೇಳ್ಕಂಡು ಬಂದೆ, ಮ್ಯಾನೇಜರೂ ಇದ್ನೇ ಅಂದ್ರು. ನೀನೇನಂತೀಯೋ ನೋಡಾನ ಅಂತ ಸುಮ್ಗಿದ್ದೆ.”

ನನ್ನನ್ನು ಪ್ರಮಾಣಿಸಿ ನೋಡಿದ್ದರು. ಆಗ ಹೇಳಿಬಿಟ್ಟೆ. ಆ ರಾತ್ರಿ, ಆ ಸಂದೇಶ, ದಾರದ ಮೇಲಿನ ಕೆಂಪು ಚುಕ್ಕಿ, ಎಲ್ಲ. ಅತ್ತ ಕಡೆ ಕಾಯಿ ಸುಲಿಯುವ ಸದ್ದು ಕೇಳುತ್ತಿತ್ತು, ಅದು ನಿಂತಿತು.

“ಅವತ್ತು ಅದು ಸುಳ್ಳು ಅಂತ ನಿಂಗೆ ಗೊತ್ತಿತ್ತಾ?”

“ಇಲ್ಲ ದೊಡ್ಡಪ್ಪ. ನಿಜಾನೋ ಸುಳ್ಳೋ, ನಂಗೇನೂ ಗೊತ್ತಿರ್ಲಿಲ್ಲ.”

“ಹಂಗಂತ್ಲೇ ಬರೀಬೌದಿತ್ತಲ್ಲವ್ವ.”